ಬಿಳಿ ಸಿಮೆಂಟ್ ಬಿಳಿಯಾಗೇ ಉಳಿಯಬೇಕೆಂದರೆ

ಹೋದ ವರ್ಷ ದಸರಾಕ್ಕೆ ಗೊಂಬೆ ಕೂರಿಸುವ ಮೊದಲು ಮೈಸೂರಿನ ನಮ್ಮ ಮನೆಯ ಕಾಂಪೌಂಡಿಗೆ ನಾವೇ ಬಿಳಿ ಸಿಮೆಂಟ್ ಬಳಿದೆವು. ಎರಡು ದಿನ ಗೋಡೆ ಹಾಲಿನ ಹಾಗಿತ್ತು. ಮೂರನೇ ದಿನ ಗೇಟಿನ ಪಕ್ಕದಲ್ಲಿ ಟೀ ಚೆಲ್ಲಿದ ಹಾಗೆ ಮೊಳದುದ್ದದ ಕಂದು ಗೆರೆಗಳು ಮೂಡಿದವು. ನೋಡಲು ಬಂದ ಮೇಸ್ತ್ರಿ ಗೋಡೆಯ ಕಡೆ ಹೋಗಲೇ ಇಲ್ಲ. ಮೂಲೆಯಲ್ಲಿದ್ದ ಬಾಂಡ್ಲಿ ಎತ್ತಿ ತಳವನ್ನು ಉಗುರಿನಿಂದ ಕೆರೆದರು. ಉಗುರಿನ ತುಂಬ ತುಕ್ಕು. ‘ಇದ್ರಲ್ಲೇ ಕಲಸಿದ್ರಾ ಸಾರ್?’ ಎಂದರು.

ಬಿಳಿ ಸಿಮೆಂಟಿಗೆ ಕಬ್ಬಿಣ ಆಗಿಬರುವುದಿಲ್ಲ. ಕಾರ್ಖಾನೆಯಲ್ಲೂ ಅಷ್ಟೇ, ಮನೆಯಲ್ಲೂ ಅಷ್ಟೇ.

ಮಾಮೂಲಿ ಸಿಮೆಂಟಿಗೆ ಬೂದು ಬಣ್ಣ ಬರುವುದೇ ಮುಖ್ಯವಾಗಿ ಅದರಲ್ಲಿರುವ ಕಬ್ಬಿಣದ ಆಕ್ಸೈಡಿನಿಂದ. ಅದು ಸುಮಾರು 3–4 ಪರ್ಸೆಂಟ್ ಇರುತ್ತದೆ. ಬಿಳಿ ಸಿಮೆಂಟಿನಲ್ಲಿ ಸಾಮಾನ್ಯವಾಗಿ ಅರ್ಧ ಪರ್ಸೆಂಟಿಗಿಂತ ಕಡಿಮೆ. ಮ್ಯಾಂಗನೀಸ್, ಕ್ರೋಮಿಯಂ ಕೂಡ ಬಣ್ಣ ಕೆಡಿಸುತ್ತವೆ. ಹಾಗಾಗಿ ಕಲ್ಲು ಆರಿಸುವಾಗಲೇ ಕಷ್ಟ ಶುರು. ಶುದ್ಧ ಸುಣ್ಣದಕಲ್ಲು, ಕೆಂಪು ಮಣ್ಣಿನ ಬದಲು ಬಿಳಿ ಚೀನಾ ಮಣ್ಣು, ಜೊತೆಗೆ ಬಿಳಿ ಮರಳು ಬೇಕು. ರಾಜಸ್ಥಾನದ ಗೋಟನ್, ಖಾರಿಯಾ ಖಂಗಾರ್‌ನಲ್ಲಿ ಕಾರ್ಖಾನೆಗಳು ಬಂದಿದ್ದು ಅಲ್ಲಿನ ಸುಣ್ಣದಕಲ್ಲಿನಿಂದಾಗಿ. ಕೇರಳದ ಕೊಟ್ಟಾಯಂನಲ್ಲಿ ಟ್ರಾವಂಕೂರ್ ಸಿಮೆಂಟ್ಸ್‌ನವರು ವೇಂಬನಾಡ್ ಕೆರೆಯ ಚಿಪ್ಪಿನಿಂದಲೇ ಬಿಳಿ ಸಿಮೆಂಟ್ ಮಾಡುತ್ತಿದ್ದರು. ಚಿಪ್ಪು ಸುಟ್ಟು ಸುಣ್ಣ ಮಾಡುವುದು ನಮ್ಮವರಿಗೆ ಗೊತ್ತಿದ್ದ ಕೆಲಸವೇ ಅಲ್ವಾ!

ಇವನ್ನೆಲ್ಲ ನುಣ್ಣಗೆ ಅರೆದು, ತಿರುಗುವ ಗೂಡಿನಲ್ಲಿ ಸುಡುತ್ತಾರೆ. ಬೂದು ಸಿಮೆಂಟಿನಲ್ಲಿ ಕಬ್ಬಿಣ ಬೇಗ ಕರಗಿ ಉಳಿದದ್ದನ್ನೂ ಕೂಡಿಸುತ್ತದೆ, ಅದಕ್ಕೆ 1450 ಡಿಗ್ರಿ ಸಾಕು. ಇಲ್ಲಿ ಆ ಸಹಾಯ ಇಲ್ಲ. 1500 ಡಿಗ್ರಿ ದಾಟಿಸಬೇಕು. ಕಲ್ಲಿದ್ದಲಿನ ಬೂದಿಯಲ್ಲೂ ಕಬ್ಬಿಣ ಇರುವುದರಿಂದ ಎಣ್ಣೆ, ಗ್ಯಾಸ್ ಅಥವಾ ಬೂದಿ ಕಡಿಮೆ ಇರುವ ಪೆಟ್ಕೋಕ್ (ಕಚ್ಚಾ ಎಣ್ಣೆ ಸಂಸ್ಕರಿಸಿದಾಗ ಉಳಿಯುವ ಇದ್ದಿಲಿನಂಥದ್ದು) ಉರಿಸುತ್ತಾರೆ. ಗೂಡಿನಿಂದ ಬಂದ ಕೆಂಡದಂಥ ಉಂಡೆಗಳನ್ನು ತಟ್ಟನೆ ತಣಿಸುತ್ತಾರೆ, ಎಷ್ಟೋ ಕಡೆ ನೀರು ಹೊಡೆದೇ. ಗಾಳಿಯಲ್ಲಿ ನಿಧಾನವಾಗಿ ಆರಿದರೆ ಉಳಿದ ಚೂರುಪಾರು ಕಬ್ಬಿಣವೂ ಬಣ್ಣ ತೋರಿಸುತ್ತದೆ. ಕೊನೆಗೆ ಬಿಳಿ ಜಿಪ್ಸಂ ಸೇರಿಸಿ ಅರೆಯುವಾಗ ಕಬ್ಬಿಣ ಸವೆದು ಬೆರೆಯದಂತೆ ಅರೆಯುವ ಗಿರಣಿಗೆ ಪಿಂಗಾಣಿಯ ಒಳಪದರ, ಕಲ್ಲಿನ ಅಥವಾ ಪಿಂಗಾಣಿಯ ಗುಂಡು ಹಾಕುತ್ತಾರೆ. ಇಷ್ಟೆಲ್ಲ ಜೋಪಾನ ಇರುವುದರಿಂದಲೇ ಬೆಲೆ ಬೂದು ಸಿಮೆಂಟಿನ ಎರಡು ಪಟ್ಟಿಗೂ ಜಾಸ್ತಿ. ಗಟ್ಟಿಯಾಗುವ ಗುಣದಲ್ಲಿ ಮಾತ್ರ ಎರಡೂ ಒಂದೇ ಜಾತಿ: ನೀರು ಕುಡಿದೇ ಕಲ್ಲಾಗುತ್ತವೆ.

ಈಗ ನಿಮ್ಮ ಗೋಡೆಗೆ ಬನ್ನಿ.

ಮೊದಲು ಹಳೇ ಸುಣ್ಣ, ಡಿಸ್ಟೆಂಪರ್, ಪಾಚಿ ಎಲ್ಲ ಕೆರೆದು ತೆಗೆಯಿರಿ. ಸುಣ್ಣದ ಪುಡಿಯ ಮೇಲೆ ಬಳಿದರೆ ಅದರ ಜೊತೆಗೇ ಉದುರುತ್ತದೆ. ಕಬ್ಬಿಣದ ಮೊಳೆ ಇದ್ದರೆ ಕಿತ್ತುಬಿಡಿ.

ಆಮೇಲೆ ಗೋಡೆಗೆ ಚೆನ್ನಾಗಿ ನೀರು ಹೊಡೆಯಿರಿ. ಒಣಗೋಡೆ ಸಿಮೆಂಟಿನ ನೀರನ್ನೆಲ್ಲ ಎಳೆದುಕೊಂಡರೆ ಮುಟ್ಟಿದ ಕೈಗೆಲ್ಲ ಬಿಳಿ ಪುಡಿ ಅಂಟುತ್ತದೆ. ನೀರು ಇಳಿದು ತೇವ ಮಾತ್ರ ಉಳಿದಿರುವಾಗ ಬಳಿಯಬೇಕು.

ಕಲಸುವುದಕ್ಕೆ ಪ್ಲಾಸ್ಟಿಕ್ ಬಕೆಟ್, ಮರದ ಕೋಲು. ಮೊದಲು ಕಡಿಮೆ ನೀರಿನಲ್ಲಿ ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ, ಗಂಟಿಲ್ಲದಂತೆ ಕಲಸಿ, ಆಮೇಲೆ ಬ್ರಷ್ಷಿಗೆ ಒಗ್ಗುವಷ್ಟು ತೆಳು ಮಾಡಿ. ಒಂದೆರಡು ಗಂಟೆಯಲ್ಲಿ ಮುಗಿಯುವಷ್ಟೇ ಕಲಸಿ. ಬಿಗಿದ ಸಿಮೆಂಟಿಗೆ ಮತ್ತೆ ನೀರು ಸುರಿಯಬೇಡಿ, ಸತ್ವ ಹೋಗುತ್ತದೆ. ಕೈಗೆ ಗ್ಲೌಸ್ ಹಾಕಿ, ಕಣ್ಣಿಗೆ ಸಿಡಿಯದ ಹಾಗೆ ನೋಡಿಕೊಳ್ಳಿ. ಇದೂ ಸುಣ್ಣದಂತೆ ಚರ್ಮ ಸುಡುತ್ತದೆ.

ಎರಡು ಕೋಟ್ ಸಾಕು. ಮೊದಲನೆಯದು ಒಣಗಿದ ಮೇಲೆ ಮತ್ತೆ ತೇವ ಮಾಡಿ ಎರಡನೆಯದು. ಬಳಿದ ಮರುದಿನದಿಂದ ಎರಡು ಮೂರು ದಿನ ಬೆಳಿಗ್ಗೆ ಸಂಜೆ ನೀರು ಚಿಮುಕಿಸಿ. ಹೆಚ್ಚಿನವರು ತಪ್ಪುವುದು ಇಲ್ಲೇ. ಪೇಂಟಿನ ಹಾಗೆ ಒಣಗಲಿ ಎಂದು ಬಿಟ್ಟುಬಿಡುತ್ತಾರೆ.

ಹಳೇ ಮನೆಗಳ ಮೊಸಾಯಿಕ್ ನೆಲ ಕಿತ್ತುಬಂದಿದ್ದರೂ ಇದೇ ಸಿಮೆಂಟ್ ಬೇಕು. ಅದೇ ಬಣ್ಣದ ಚಿಪ್ಸ್ (ಕಲ್ಲಿನ ಚೂರು) ಸೇರಿಸಿ ತುಂಬಿ, ಗಟ್ಟಿಯಾದ ಮೇಲೆ ಉಜ್ಜಿಸಿ. ನಯ ಮಾಡಲು ಕಬ್ಬಿಣದ ಕರಣೆಯನ್ನು ಜಾಸ್ತಿ ತಿಕ್ಕಿದರೆ ಕಪ್ಪು ಗೆರೆ ಬೀಳುತ್ತದೆ. ಮರದ ಅಥವಾ ಪ್ಲಾಸ್ಟಿಕ್ ಹಲಗೆ ವಾಸಿ.

ನಮ್ಮ ಗೇಟಿನ ಪಕ್ಕದ ಜಾಗವನ್ನು ಪೂರ್ತಿ ಕೆರೆದು ಮತ್ತೆ ಬಳಿದೆವು. ಉಳಿದ ಸಿಮೆಂಟನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿ, ಮುಚ್ಚಳ ಬಿಗಿಮಾಡಿ, ಅಟ್ಟದ ಮೇಲೆ ಇಟ್ಟಿದ್ದೇವೆ.