ಬೇಸ್ ಕಲಿಯುವಾಗ ಇನ್ನೊಂದು ವಾದ್ಯ: ನನ್ನ ಅನುಭವ

ಬೇಸ್ ಗಿಟಾರ್ ಕೈಗೆತ್ತಿಕೊಂಡ ಎಂಟನೆಯ ತಿಂಗಳಿಗೆ ನನ್ನ ಕಲಿಕೆ ನಿಂತ ನೀರಾಯಿತು. ಮೇಜರ್ ಸ್ಕೇಲನ್ನು (ಏಳು ಸ್ವರಗಳ ಶ್ರೇಣಿ) ಯಾವ ಫ್ರೆಟ್‌ನಿಂದ (ತಂತಿಯಡಿಯ ಲೋಹದ ಪಟ್ಟಿ) ಬೇಕಾದರೂ ನುಡಿಸಬಲ್ಲವನಾಗಿದ್ದೆ, ಹತ್ತು ಹನ್ನೆರಡು ಹಾಡುಗಳ ಬೇಸ್ ಸಾಲುಗಳು ಬೆರಳಿಗೆ ಹತ್ತಿದ್ದವು. ಆದರೆ ಹೊಸ ಹಾಡೊಂದಕ್ಕೆ ನಾನೇ ಸಾಲು ಕಟ್ಟಬೇಕಾಗಿ ಬಂದಾಗ, ಪ್ರತಿಯೊಂದು ಕಾರ್ಡಿನ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಮೂಲಸ್ವರವನ್ನು ಹಿಡಿದುಕೊಂಡು ಕೂರುವುದರ ಹೊರತು ಬೇರೇನೂ ತೋಚುತ್ತಿರಲಿಲ್ಲ. ಇನ್ನೊಂದು ವಾದ್ಯದ ಪರಿಚಯವಿದ್ದರೆ ಈ ಕಟ್ಟು ಬಿಚ್ಚೀತೇ ಎಂಬ ಯೋಚನೆ ಹುಟ್ಟಿದ್ದು ಆಗ. ಮುಂದಿನ ಎರಡು ವರ್ಷಗಳಲ್ಲಿ ಗಿಟಾರ್, ಕೀಬೋರ್ಡ್, ಡ್ರಮ್ ಮೂರನ್ನೂ ಒಂದಾದ ಮೇಲೊಂದು ಪ್ರಯತ್ನಿಸಿದೆ. ನನ್ನ ವಾದ್ಯಕ್ಕೆ ತೀರ ಹತ್ತಿರದ್ದು ನನಗೆ ಕಡಿಮೆ ಕಲಿಸಿತು. ದೂರದವು ಹೆಚ್ಚು ಕಲಿಸಿದವು.

ಮೊದಲು ಗಿಟಾರನ್ನು ಆರಿಸಿಕೊಳ್ಳಲು ಕಾರಣವಿತ್ತು. ಗಿಟಾರಿನ ಆರು ತಂತಿಗಳಲ್ಲಿ ಕೆಳಸ್ಥಾಯಿಯ ನಾಲ್ಕು ತಂತಿಗಳು ಇ, ಎ, ಡಿ, ಜಿ ಎಂಬ ಸ್ವರಗಳವು. ಬೇಸಿನ ನಾಲ್ಕು ತಂತಿಗಳೂ ಅವೇ, ಒಂದು ಸ್ಥಾಯಿ ಕೆಳಗೆ. ಹೀಗಾಗಿ ಗೊತ್ತಿದ್ದ ಸ್ವರಸ್ಥಾನಗಳೆಲ್ಲ ಅಲ್ಲಿಯೂ ಕೈಗೆ ಸಿಕ್ಕವು, ಮೂರು ತಿಂಗಳಲ್ಲಿ ಸರಳವಾದ ಹಾಡುಗಳಿಗೆ ಜೊತೆ ನುಡಿಸುವಷ್ಟು ಬಂದಿತು. ತೊಂದರೆ ಕಾಣಿಸಿಕೊಂಡಿದ್ದು ಬೇಸಿಗೆ ಮರಳಿದಾಗ. ಸಾಮಾನ್ಯ ಬೇಸಿನ ತಂತಿಯ ಉದ್ದ 34 ಇಂಚು, ಎಲೆಕ್ಟ್ರಿಕ್ ಗಿಟಾರಿನದ್ದು ಬಹುಮಟ್ಟಿಗೆ 25 ಇಂಚಿನ ಆಸುಪಾಸು. ಗಿಟಾರಿನ ಫ್ರೆಟ್‌ಗಳ ಚಿಕ್ಕ ಅಂತರಕ್ಕೆ ಒಗ್ಗಿದ ಎಡಗೈ, ಬೇಸಿನ ಮೊದಲ ಫ್ರೆಟ್‌ಗಳಲ್ಲಿ ಸ್ವರವನ್ನು ಫ್ರೆಟ್‌ನ ಅಂಚಿಗೆ ಒತ್ತುವ ಬದಲು ನಡುವೆ ಒತ್ತಿ ಕಿರಗುಟ್ಟಿಸತೊಡಗಿತು. ಅದಕ್ಕಿಂತ ಕೆಟ್ಟದ್ದೆಂದರೆ, ತಂತಿಗಳನ್ನು ತೆರೆದು ಮೊಳಗಲು ಬಿಡುವ ಗಿಟಾರಿನ ಅಭ್ಯಾಸ ಬಲಗೈಗೆ ಅಂಟಿಕೊಂಡಿತ್ತು. ಗಿಟಾರಿನಲ್ಲಿ ಹಾಗೆ ಮೊಳಗುವುದು ಸೊಗಸು. ಬೇಸಿನಲ್ಲಿ ಇ ತಂತಿ ಸೆಕೆಂಡಿಗೆ ಸುಮಾರು 41 ಬಾರಿ, ಎ ತಂತಿ 55 ಬಾರಿ ಕಂಪಿಸುತ್ತದೆ. ಅಷ್ಟು ಕೆಳಗಿನ ಎರಡು ಸ್ವರಗಳು ಒಂದರ ಮೇಲೊಂದು ಉಳಿದುಬಿಟ್ಟರೆ ಕಿವಿಗೆ ಬೀಳುವುದು ಬರಿಯ ಕೆಸರು. ನುಡಿಸಿದ್ದನ್ನು ಧ್ವನಿಮುದ್ರಿಸಿ ಕೇಳಿದಾಗಲೇ ಇದು ನನಗೆ ತಿಳಿದಿದ್ದು, ತಿದ್ದಿಕೊಳ್ಳಲು ಹಲವು ವಾರಗಳು ಬೇಕಾದವು. ಗಿಟಾರಿನಿಂದ ಉಳಿದ ನಿಜವಾದ ಲಾಭ ಒಂದೇ: ಜೊತೆಗಾರನ ಎಡಗೈಯನ್ನು ನೋಡಿ ಮುಂದಿನ ಕಾರ್ಡ್ ಯಾವುದೆಂದು ಈಗ ಹೇಳಬಲ್ಲೆ.

ಕೀಬೋರ್ಡಿನ ವಿಷಯ ಬೇರೆ. ಬೇಸಿನ ತಂತಿಗಳೆಲ್ಲ ಒಂದೇ ಅಂತರದಲ್ಲಿ ಶ್ರುತಿಗೊಂಡಿರುವುದರಿಂದ ಅಲ್ಲಿ ಒಂದು ಬೆರಳ ವಿನ್ಯಾಸವನ್ನು ಕಲಿತರೆ ಸಾಕು, ಅದನ್ನೇ ಮೇಲೆ ಕೆಳಗೆ ಸರಿಸುತ್ತ ಎಲ್ಲ ಶ್ರುತಿಗಳಲ್ಲೂ ನುಡಿಸಬಹುದು. ಇದು ಬೇಸಿನ ದೊಡ್ಡ ಅನುಕೂಲ, ಆದರೆ ಕಲಿಯುವವನ ಅಜ್ಞಾನವನ್ನು ಮುಚ್ಚಿಡುವುದೂ ಇದೇ ಅನುಕೂಲ. ಮೂಲಸ್ವರದ ಮುಂದಿನ ತಂತಿಯಲ್ಲಿ ಒಂದು ಫ್ರೆಟ್ ಹಿಂದಕ್ಕೆ ಬೆರಳಿಟ್ಟರೆ ಮೇಜರ್ ಕಾರ್ಡಿನ ಮೂರನೆಯ ಸ್ವರ ಸಿಗುತ್ತದೆಂದು ನನ್ನ ಬೆರಳಿಗೆ ಗೊತ್ತಿತ್ತು. ಆ ಸ್ವರದ ಹೆಸರು ಕೇಳಿದ್ದರೆ ತಡವರಿಸುತ್ತಿದ್ದೆ. ಕೀಬೋರ್ಡಿನಲ್ಲಿ ಕಪ್ಪು ಬಿಳಿ ಮನೆಗಳು ಪ್ರತಿ ಶ್ರುತಿಗೂ ಬೇರೆ ಬೇರೆಯಾಗಿ ಬರುವುದರಿಂದ ಆ ತಪ್ಪಿಸಿಕೊಳ್ಳುವ ದಾರಿ ಇಲ್ಲ. ಸ್ವರದ ಹೆಸರು ತಿಳಿಯದೆ ಕಾರ್ಡ್ ಕಟ್ಟಲಾಗದು.

ಅದಕ್ಕಿಂತ ದೊಡ್ಡ ಪಾಠ ದೊರೆತದ್ದು ಎರಡೂ ಕೈಗಳನ್ನು ಒಟ್ಟಿಗೆ ಇಟ್ಟ ದಿನ. ಬಲಗೈಯಲ್ಲಿ ಸಿ, ಇ, ಜಿ ಸ್ವರಗಳನ್ನು ಒತ್ತಿ ಹಿಡಿದು, ಎಡಗೈಯಿಂದ ಕೆಳಗಿನ ಸ್ವರವನ್ನು ಮಾತ್ರ ಬದಲಾಯಿಸುತ್ತ ಹೋದೆ. ಕೆಳಗೆ ಸಿ ಇದ್ದಾಗ ಸಿ ಮೇಜರ್ ಗಟ್ಟಿಯಾಗಿ ನೆಲೆಯೂರಿ ನಿಂತಿತು. ಇ ಇಟ್ಟಾಗ ಕಾರ್ಡ್ ಅದೇ ಆದರೂ ಎಲ್ಲಿಗೋ ಹೊರಟುನಿಂತಂತೆ ಕೇಳಿಸಿತು. ಎ ಇಟ್ಟೊಡನೆ ಬಲಗೈ ಒಂದಿಷ್ಟೂ ಅಲುಗದೆ ಅದು ಎ ಮೈನರ್ ಸೆವೆಂತ್ ಆಗಿ, ಬೆಳಕಿನಲ್ಲಿದ್ದ ಕೋಣೆಗೆ ನೆರಳು ಹಾದಂತಾಯಿತು. ಬೇಸ್ ನುಡಿಸುವವನ ಒಂದೇ ಸ್ವರ ಇಡೀ ವಾದ್ಯವೃಂದದ ಅರ್ಥವನ್ನು ಬದಲಿಸಬಲ್ಲದು ಎಂಬುದನ್ನು ನಾನು ಓದಿದ್ದೆ; ಕೇಳಿದ್ದು ಅಂದೇ ಮೊದಲು. ಬೇಸಿನಲ್ಲಿ ನಾವು ಬಹುಪಾಲು ಒಂದು ಹೊತ್ತಿಗೆ ಒಂದೇ ಸ್ವರವನ್ನು ನುಡಿಸುತ್ತೇವೆ. ಮೇಲಿನ ಸ್ವರಗಳು ಬೇರೆಯವರ ಕೈಯಲ್ಲಿರುವುದರಿಂದ, ಒಬ್ಬನೇ ಕುಳಿತು ಅಭ್ಯಾಸ ಮಾಡುವವನಿಗೆ ಈ ಸಂಬಂಧ ಕೇಳಿಸುವುದೇ ಇಲ್ಲ. ಸಿ, ಜಿ, ಎ ಮೈನರ್ ಎಂದು ಸಾಗುವ ಹಾಡಿನಲ್ಲಿ ನಡುವಿನ ಜಿ ಕಾರ್ಡಿಗೆ ಬಿ ಸ್ವರವನ್ನು ಕೊಟ್ಟರೆ ಸಿ, ಬಿ, ಎ ಎಂದು ಬೇಸ್ ಮೆಟ್ಟಿಲಿಳಿದಂತೆ ಇಳಿಯುತ್ತದೆ ಎಂಬುದನ್ನು ನನಗೆ ಯಾರೂ ಹೇಳಿಕೊಡಲಿಲ್ಲ, ಎಡಗೈಯೇ ಕಂಡುಕೊಂಡಿತು. ಮೂಲಸ್ವರಕ್ಕೆ ಅಂಟಿಕೊಂಡಿದ್ದ ನನ್ನ ಕಟ್ಟು ಬಿಚ್ಚಿದ್ದು ಇಲ್ಲಿಯೇ. ಇದಕ್ಕೆ ಪಿಯಾನೋ ವಾದಕನಾಗಬೇಕಾಗಿಲ್ಲ. ನನ್ನ ಕೀಬೋರ್ಡ್ ಅಭ್ಯಾಸ ದಿನಕ್ಕೆ ಹತ್ತು ನಿಮಿಷವನ್ನು ಮೀರಿದ್ದು ಅಪರೂಪ.

ಡ್ರಮ್ ಕಲಿಕೆ ಬಹಳ ದೂರ ಸಾಗಲಿಲ್ಲ. ಒಂದು ಮತ್ತು ಮೂರನೆಯ ಎಣಿಕೆಗೆ ಕಿಕ್ (ಕಾಲಿನಿಂದ ಹೊಡೆಯುವ ದೊಡ್ಡ ಡ್ರಮ್), ಎರಡು ಮತ್ತು ನಾಲ್ಕಕ್ಕೆ ಸ್ನೇರ್ (ಚಟೀರೆನ್ನುವ ಚಿಕ್ಕ ಡ್ರಮ್), ಅವುಗಳ ಮೇಲೆ ಹೈಹ್ಯಾಟ್‌ನ (ಜೋಡಿ ತಾಳದ ತಟ್ಟೆಗಳು) ಸಮನಾದ ಎಂಟು ಪೆಟ್ಟುಗಳು. ಇಷ್ಟನ್ನು ತಡವರಿಸದೆ ನುಡಿಸುವಂತಾದ ಮೇಲೆ ನಿಲ್ಲಿಸಿದೆ. ಆದರೂ ಒಂದು ವಿಷಯ ಅರಿವಾಯಿತು. ಅಲ್ಲಿಯವರೆಗೆ ಸ್ವರವನ್ನು ಯಾವಾಗ ಆರಂಭಿಸಬೇಕೆಂದು ಮಾತ್ರ ಯೋಚಿಸುತ್ತಿದ್ದ ನಾನು, ಅದನ್ನು ಯಾವಾಗ ನಿಲ್ಲಿಸಬೇಕೆಂದು ಯೋಚಿಸತೊಡಗಿದೆ. ಕಿಕ್‌ನೊಡನೆ ಆರಂಭವಾದ ಬೇಸ್ ಸ್ವರ ಸ್ನೇರ್ ಬೀಳುವ ಕ್ಷಣಕ್ಕೆ ಸರಿಯಾಗಿ ನಿಂತರೆ ಆ ಸ್ನೇರ್‌ನ ಪೆಟ್ಟು ಎದ್ದು ಕೇಳಿಸುತ್ತದೆ. ನಿಮಿಷಕ್ಕೆ 100ರ ಗತಿಯಲ್ಲಿ ಒಂದು ಎಣಿಕೆ ಸೆಕೆಂಡಿನ ಹತ್ತರಲ್ಲಿ ಆರು ಭಾಗ ಮಾತ್ರ, ಅಷ್ಟರೊಳಗೆ ಈ ಶಿಸ್ತು ಉಳಿಯಬೇಕು. ಡ್ರಮ್ಮರ್ ಇಲ್ಲದೆ ತಾಯಿಯೊಡನೆ ನುಡಿಸಬೇಕಾಗಿ ಬಂದ ಬೇಸ್ ವಾದಕ ಲ್ಯಾರಿ ಗ್ರಹಾಂ, ಕಿಕ್‌ನ ಬದಲಿಗೆ ಹೆಬ್ಬೆರಳಿನಿಂದ ಹೊಡೆದು ಸ್ನೇರ್‌ನ ಬದಲಿಗೆ ತಂತಿಯನ್ನು ಎಳೆದುಬಿಟ್ಟು ಸ್ಲ್ಯಾಪ್ ಶೈಲಿಯನ್ನು ರೂಪಿಸಿದರೆಂಬ ಸಂಗತಿಯ ತೂಕ ನನಗೆ ಆಗ ತಿಳಿಯಿತು.

ಇನ್ನೊಂದು ವಾದ್ಯದ ಪರಿಚಯ ಬೇಸಿಗೆ ನೆರವಾಗುತ್ತದೆಂಬುದಕ್ಕೆ ದೊಡ್ಡ ಬೇಸ್ ವಾದಕರ ಉದಾಹರಣೆಗಳನ್ನು ಸಾಕ್ಷಿಯಾಗಿ ತರುವುದುಂಟು. ಜಾಕೊ ಪಾಸ್ಟೋರಿಯಸ್ ಮೊದಲು ಡ್ರಮ್ ನುಡಿಸುತ್ತಿದ್ದವರು, ಫ್ಲೀ ಬಾಲ್ಯದಲ್ಲಿ ಟ್ರಂಪೆಟ್ ಕಲಿತವರು, ಪಾಲ್ ಮೆಕಾರ್ಟ್ನಿ 1961ರಲ್ಲಿ ಗಿಟಾರಿನಿಂದ ಬೇಸಿಗೆ ಬಂದವರು. ಆದರೆ ಇವರೆಲ್ಲ ಬೇರೆ ವಾದ್ಯದ ತಿಳಿವಳಿಕೆಯೊಂದಿಗೆ ಬೇಸಿಗೆ ಬಂದವರು. ಬೇಸಿನಲ್ಲೇ ಆರಂಭಿಸಿ ಅದರ ಮೇಲಿನ ಹಿಡಿತವಿನ್ನೂ ಗಟ್ಟಿಯಾಗದವನ ಸ್ಥಿತಿ ಬೇರೆ, ಅವನ ಸಮಯವೂ ಮಿತವಾದದ್ದು. ಮೊದಲ ಆರು ತಿಂಗಳಲ್ಲಿ ನಾನು ಇನ್ನೊಂದು ವಾದ್ಯವನ್ನು ಹಿಡಿದಿದ್ದರೆ ಎರಡೂ ಕೈಬಿಟ್ಟು ಹೋಗುತ್ತಿದ್ದವೆಂದೇ ನನ್ನ ನಂಬಿಕೆ, ಏಕೆಂದರೆ ಬೆರಳ ತುದಿ ಗಟ್ಟಿಯಾಗುವುದು, ನುಡಿಸದ ತಂತಿಯನ್ನು ಸುಮ್ಮನಿರಿಸುವುದು, ಎರಡು ಬೆರಳುಗಳು ಸಮನಾಗಿ ಮೀಟುವುದು, ಇವನ್ನು ಬೇಸಿನ ಹೊರತು ಬೇರೆ ಯಾವ ವಾದ್ಯವೂ ಕಲಿಸಲಾರದು.

ಈಗ ಹೊಸ ಹಾಡು ಬಂದರೆ ಬೇಸನ್ನು ಮೊದಲು ಮುಟ್ಟುವುದಿಲ್ಲ. ಕೀಬೋರ್ಡಿನಲ್ಲಿ ಬಲಗೈಯಿಂದ ಕಾರ್ಡುಗಳನ್ನು ಹಿಡಿದು, ಎಡಗೈಯಿಂದ ಕೆಳಗಿನ ಸ್ವರಗಳನ್ನು ಒಂದೊಂದಾಗಿ ಇಟ್ಟು ನೋಡುತ್ತೇನೆ. ಕೆಳಸ್ಥಾಯಿಯಲ್ಲಿ ಸ್ಪಷ್ಟವಾಗದಿದ್ದರೆ ಅದೇ ಸಾಲನ್ನು ಒಂದು ಸ್ಥಾಯಿ ಮೇಲೆ ನುಡಿಸಿ ಕೇಳುತ್ತೇನೆ. ಆಮೇಲೆ ಕಾಲಿನಿಂದ ಕಿಕ್‌ನ ಪೆಟ್ಟನ್ನು ನೆಲದ ಮೇಲೆ ತಟ್ಟುತ್ತ ಪ್ರತಿ ಸ್ವರ ಎಲ್ಲಿ ನಿಲ್ಲಬೇಕೆಂದು ಗೊತ್ತುಮಾಡಿಕೊಂಡು, ಆನಂತರವೇ ಬೇಸನ್ನು ತೊಡೆಯ ಮೇಲೆ ತೆಗೆದುಕೊಳ್ಳುತ್ತೇನೆ.