ಝೆನ್‌ಗೆ ಎಸ್ಟೀಮ್ ಎಂಜಿನ್: ಒಂದು ಭಾನುವಾರ, ಹದಿನಾಲ್ಕು ತಿಂಗಳು

ಮಾರುತಿ ಝೆನ್ ಕಾರಿನ ಹಳೇ ಎಂಜಿನ್ ಇಳಿಸಿ, ಮಾರುತಿಯದೇ ದೊಡ್ಡ ಕಾರು ಎಸ್ಟೀಮ್‌ನದನ್ನು ಕೂರಿಸಿದ್ದು ಒಂದೇ ಭಾನುವಾರದಲ್ಲಿ. ಒಂದು ಚೈನ್ ಪುಲ್ಲಿ, ನಾಲ್ಕು ಜನ, ಮಧ್ಯಾಹ್ನಕ್ಕೆ ಕ್ಯಾತ್ಸಂದ್ರದಿಂದ ತರಿಸಿದ ತಟ್ಟೆ ಇಡ್ಲಿ. ಸಂಜೆ ಆರಕ್ಕೆಲ್ಲ ಎಂಜಿನ್ ಒಳಗಿತ್ತು. ಆದರೆ ಕಾರಿಗೂ ಅದಕ್ಕೂ ಹೊಂದಿಕೆ ಬರಲು ಇನ್ನೂ ಹದಿನಾಲ್ಕು ತಿಂಗಳು ಹಿಡಿಯಿತು. ನನ್ನನ್ನು ಕೇಳುವವರೆಲ್ಲ ಆ ಭಾನುವಾರದ ಬಗ್ಗೆಯೇ ಕೇಳುತ್ತಾರೆ. ನಾನು ಕಲಿತದ್ದೆಲ್ಲ ಆಮೇಲಿನದ್ದು.

ಕಾರು 1997ರ ಮಾರುತಿ ಝೆನ್, ಕಾರ್ಬ್ಯುರೇಟರ್ ಮಾಡೆಲ್, ತುಮಕೂರಿನದೇ ಕೆಎ 06 ನಂಬರು. ಸೋದರಮಾವನದು. ಮಾವ ಎಚ್‌ಎಂಟಿ ಕೈಗಡಿಯಾರದ ಕಾರ್ಖಾನೆಯಲ್ಲಿ ಅಸೆಂಬ್ಲಿ ವಿಭಾಗದಲ್ಲಿದ್ದವರು. ಕಣ್ಣು ಮಂಜಾಗಿ ಓಡಿಸುವುದು ಬಿಟ್ಟ ಮೇಲೆ ಕಾರು ಬಟವಾಡಿಯ ಅವರ ಮನೆ ಮುಂದೆ ಹುಣಸೆ ಮರದ ಕೆಳಗೆ ಎರಡು ವರ್ಷ ನಿಂತಿತ್ತು. "ಗುಜರಿಗೆ ಹಾಕೋ ಬದಲು ನೀನೇ ಏನಾದ್ರೂ ಮಾಡ್ಕೊಳ್ಳೋ" ಅಂದರು. ಕೆ-1000 ಕಾರ್ ರ‍್ಯಾಲಿ ನಮ್ಮ ಕಡೆಯ ಮಣ್ಣಿನ ದಾರಿಗಳಲ್ಲಿ ಓಡಿದಾಗ ಬೇಲಿ ಪಕ್ಕ ನಿಂತು ಧೂಳು ಕುಡಿದವನು ನಾನು. ಎರಡು ಸೀಟಿನ ಸ್ಪೋರ್ಟ್ಸ್ ಕಾರು ನನ್ನ ಕೈಗೆಟುಕುವ ಮಾತಲ್ಲ. ಆದರೆ 800 ಕೆಜಿಯೂ ತೂಗದ ಮೈ, ಮುಂದಿನ ಚಕ್ರ ಏನನ್ನು ತುಳಿಯುತ್ತಿದೆ ಎಂದು ಅಂಗೈಗೆ ತಿಳಿಸುವ ಸ್ಟೀರಿಂಗ್, ಇವೆರಡೂ ಝೆನ್‌ನಲ್ಲಿವೆ. ಇಲ್ಲದ್ದು ಎಂಜಿನ್ನಿನ ಕಸುವು ಒಂದೇ.

ಝೆನ್‌ನ ಜಿ10ಬಿ ಎಂಜಿನ್ 993 ಸಿಸಿ, ಸುಮಾರು 50 ಅಶ್ವಶಕ್ತಿ. ಎಸ್ಟೀಮ್‌ನ 16 ವಾಲ್ವಿನ ಇಂಜೆಕ್ಷನ್ ಎಂಜಿನ್ 1298 ಸಿಸಿ, 85 ಅಶ್ವಶಕ್ತಿ. ಎರಡೂ ಸುಜುಕಿಯ ಜಿ ಬಳಗದವು, ಒಡಹುಟ್ಟಿದವು ಅನ್ನಬಹುದು. ಬೋರ್, ಅಂದರೆ ಸಿಲಿಂಡರಿನ ಅಗಲ, 72 ಮಿಮೀ ಇದ್ದದ್ದು 74 ಆಗುತ್ತದೆ ಅಷ್ಟೇ. ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ, ಮಾತ್ರ 61ರಿಂದ 75.5ಕ್ಕೆ ಜಿಗಿಯುತ್ತದೆ. ಅಂದರೆ ಎಂಜಿನ್ ಬೆಳೆದಿರುವುದು ಮೇಲಕ್ಕೆ. ಇದು ಆಮೇಲೆ ಬಾನೆಟ್ಟಿನ ಹತ್ತಿರ ನೆನಪಿಗೆ ಬಂತು.

ಕಾನೂನಿನ ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಹಾಗಾಗಿ ಈ ಕಾರು ರಸ್ತೆಗೆ ಇಳಿಯುವುದಿಲ್ಲ. ಟ್ರೈಲರ್ ಮೇಲೆ ಊರುಕೆರೆ ಕಡೆ ಗೆಳೆಯನ ಬೀಳು ಜಮೀನಿಗೆ ಹೋಗುತ್ತದೆ, ಅಲ್ಲಿ ಓಡುತ್ತದೆ, ಟ್ರೈಲರ್ ಮೇಲೆಯೇ ವಾಪಸ್ ಬರುತ್ತದೆ. ಬಿ.ಎಚ್. ರಸ್ತೆಯಲ್ಲಿ ಓಡಿಸುವ ಆಸೆಗೆ ಯಾರಾದರೂ ಈ ಕೆಲಸಕ್ಕೆ ಕೈ ಹಾಕುವುದಾದರೆ ದಯವಿಟ್ಟು ಬೇಡ.

ಎಂಜಿನ್ ಸಿಕ್ಕಿದ್ದು ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ. ಬಿಲ್ಲು, ಎಂಜಿನ್ ನಂಬರು, ಯಾವ ಕಾರಿಂದ ಇಳಿಸಿದ್ದು ಎಂಬ ಕಾಗದ, ಈ ಮೂರೂ ಕೈಗೆ ಬರುವ ತನಕ ದುಡ್ಡು ಕೊಡಲಿಲ್ಲ. ಬ್ಯಾಟರಿ, ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಎರಡನ್ನೂ ಹೊತ್ತುಕೊಂಡು ಹೋಗಿದ್ದೆ. ಮೂರು ಸಿಲಿಂಡರ್ ಹೆಚ್ಚುಕಮ್ಮಿ ಒಂದೇ ಅಳತೆ ತೋರಿಸಿದವು, ನಾಲ್ಕನೆಯದು ಸ್ವಲ್ಪ ಕಡಿಮೆ. ಸ್ಪಾರ್ಕ್ ಪ್ಲಗ್ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ತಿರುಗಿಸಿದರೂ ಮುಳ್ಳು ಮೇಲೇರಲಿಲ್ಲ. ಏರಿದ್ದರೆ ರಿಂಗ್ ಸವೆದಿದೆ ಅಂತ ಅರ್ಥ. ಏರದಿದ್ದರೆ ತಪ್ಪಿರುವುದು ಹೆಚ್ಚಾಗಿ ವಾಲ್ವಿನ ಕಡೆ. ವಾಲ್ವನ್ನು ಅದರ ಸೀಟಿಗೆ ಸರಿಯಾಗಿ ಕೂರುವ ಹಾಗೆ ಉಜ್ಜುವ ಲ್ಯಾಪಿಂಗ್ ಮನೆಯಲ್ಲೇ ಮಾಡಿಕೊಳ್ಳಬಹುದಾದ ಕೆಲಸ, ಹಾಗಾಗಿ ಧೈರ್ಯ ಮಾಡಿದೆ. ಎಂಜಿನ್ನಿನ ಮೇಲ್ಭಾಗದ ಹೆಡ್ ಬಿಚ್ಚಿದ್ದರಿಂದ ಲೇತ್ ಶಾಪಿನಲ್ಲಿ ಅದರ ತಳ ಸಮ ಮಾಡಿಸಿ, ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಎಲ್ಲ ಆಯಿಲ್ ಸೀಲು ಹೊಸದು ಹಾಕಿದೆ. ಬೋಲ್ಟ್ ಬಿಗಿಯುವಾಗ ಮಾವ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತು ಟಾರ್ಕ್ ರೆಂಚಿನ ಪ್ರತಿ ಕ್ಲಿಕ್ಕನ್ನೂ ಎಣಿಸಿದರು. ಅಲ್ಯೂಮಿನಿಯಂ ಬ್ಲಾಕು, ಕೈ ಅಂದಾಜಿನಲ್ಲಿ ಬಿಗಿದರೆ ಥ್ರೆಡ್ ಕಿತ್ತು ಬರುತ್ತದೆ.

ಭಾನುವಾರ ಎಂಜಿನ್ ಕೂತಿತು ಅಂದೆನಲ್ಲ, ಬಾನೆಟ್ ಮುಚ್ಚುತ್ತದೋ ಇಲ್ಲವೋ ಎಂಬುದು ಮಾತ್ರ ಗೊತ್ತಿರಲಿಲ್ಲ. ಮನೆಯಿಂದ ಚಪಾತಿಗೆ ಕಲಸಿದ ಹಿಟ್ಟು ತಂದು ನಿಂಬೆಹಣ್ಣಿನ ಗಾತ್ರದ ಉಂಡೆ ಮಾಡಿ, ಎಂಜಿನ್ ಮೇಲೆ ಎತ್ತರವಿರುವ ಕಡೆಯೆಲ್ಲ ಇಟ್ಟೆ. ಬಾನೆಟ್ಟನ್ನು ಮೆಲ್ಲಗೆ ಒತ್ತಿ ಮುಚ್ಚಿ ತೆಗೆದರೆ ಒಂದೊಂದು ಉಂಡೆಯೂ ಎಷ್ಟು ಚಪ್ಪಟೆಯಾಗಿದೆಯೋ ಅಲ್ಲಿ ಅಷ್ಟೇ ಜಾಗ. ಮೂರು ಕಡೆ ಬೆರಳು ದಪ್ಪ ಉಳಿದಿತ್ತು. ಏರ್ ಕ್ಲೀನರ್ ಪೈಪಿನ ಮೇಲಿನ ಉಂಡೆ ಹಪ್ಪಳದಷ್ಟು ತೆಳ್ಳಗಾಗಿತ್ತು. ವೇಗ ಕೊಟ್ಟಾಗ ಎಂಜಿನ್ ಮೌಂಟಿಂಗ್ ಮೇಲೆ ವಾಲುತ್ತದೆ, ಹಪ್ಪಳದಷ್ಟು ಜಾಗ ಸಾಲದು. ಬಾನೆಟ್ ಕತ್ತರಿಸುವ ಬದಲು ಪೈಪನ್ನೇ ಪಕ್ಕಕ್ಕೆ ತಿರುಗಿಸಿ, ಏರ್ ಕ್ಲೀನರನ್ನು ಬ್ಯಾಟರಿ ಇದ್ದ ಜಾಗಕ್ಕೂ ಬ್ಯಾಟರಿಯನ್ನು ಡಿಕ್ಕಿಗೂ ಸಾಗಿಸಿದೆ.

ಗೇರ್‌ಬಾಕ್ಸಿನಿಂದ ಚಕ್ರವನ್ನು ತಿರುಗಿಸುವ ಡ್ರೈವ್ ಶಾಫ್ಟ್ ಅಳತೆಗೆ ಹೊಂದಲಿಲ್ಲ. ಒಬ್ಬರು "ಕಟ್ ಮಾಡಿ ವೆಲ್ಡ್ ಹಾಕ್ಕೊಡ್ತೀನಿ ಸಾರ್, ಏನೂ ಆಗಲ್ಲ" ಅಂದರು. ಒಪ್ಪಲಿಲ್ಲ. ಶಾಫ್ಟ್ ಕಾಯಿಸಿ ಹದ ಮಾಡಿದ ಉಕ್ಕು, ವೆಲ್ಡಿಂಗ್ ಬೆಂಕಿಗೆ ಆ ಹದ ಹೋಗಿ ಅಲ್ಲೇ ಮುರಿಯುತ್ತದೆ. ಗೇರ್‌ಬಾಕ್ಸ್ ಕಡೆಗೆ ಎಸ್ಟೀಮ್‌ನ ಜಾಯಿಂಟು, ಚಕ್ರದ ಕಡೆಗೆ ಝೆನ್‌ನದು, ನಡುವಿನ ಶಾಫ್ಟನ್ನು ಅಳತೆ ಕೊಟ್ಟು ಹೊಸದಾಗಿಯೇ ಮಾಡಿಸಿದೆ. ಅದಕ್ಕೆ ಎರಡು ತಿಂಗಳು ಕಾದೆ.

ವೈರಿಂಗ್‌ಗೆ ಕೂತಾಗ ಮಳೆಗಾಲ. ಕಾರ್ಬ್ಯುರೇಟರ್‌ಗೆ ಪೆಟ್ರೋಲ್ ಹರಿದು ಬಂದರೆ ಸಾಕು, ಇಂಜೆಕ್ಟರ್‌ಗೆ 2.5ರಿಂದ 3 ಬಾರ್ ಒತ್ತಡದಲ್ಲಿ ಬರಬೇಕು. ಟ್ಯಾಂಕಿನೊಳಗೆ ಪಂಪು, ವಾಪಸ್ ಹೋಗಲು ಬೇರೆ ಪೈಪು, ಒತ್ತಡ ತಡೆಯುವ ಹೋಸು, ಎಲ್ಲ ಬದಲಾಯಿಸಿದೆ. ಹಳೇ ಹೋಸ್ ಬಿಟ್ಟರೆ ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಚಿಮ್ಮುತ್ತದೆ. ಇಷ್ಟಾದರೂ ಎಂಜಿನ್ ಒಮ್ಮೆ ಸ್ಟಾರ್ಟ್ ಆದರೆ ಮತ್ತೊಮ್ಮೆ ಇಲ್ಲ. ಎಲೆಕ್ಟ್ರಿಷಿಯನ್ ಭಾಯಿ ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಎಂಜಿನ್ ಬ್ಲಾಕಿಗೂ ಇನ್ನೊಂದನ್ನು ಬ್ಯಾಟರಿಯ ನೆಗೆಟಿವ್‌ಗೂ ಹಿಡಿದು "ಸೆಲ್ಫ್ ಹೊಡೀರಿ ಅಣ್ಣ" ಅಂದರು. 1.8 ವೋಲ್ಟ್ ತೋರಿಸಿತು. ಕರೆಂಟು ಬ್ಯಾಟರಿಗೆ ವಾಪಸ್ ಹೋಗುವ ದಾರಿಯಲ್ಲಿ ಆಗುವ ಈ ನಷ್ಟ ಅರ್ಧ ವೋಲ್ಟ್ ದಾಟಬಾರದು. ಬ್ಯಾಟರಿ ಡಿಕ್ಕಿಗೆ ಹೋದಾಗ ನಾನು ಅರ್ಥ್ ಕೊಟ್ಟಿದ್ದು ಪೇಂಟ್ ಮೇಲೆ. ತಗಡು ಹೊಳೆಯುವ ತನಕ ಉಜ್ಜಿ, ದಪ್ಪ ಕೇಬಲ್ ಎಳೆದು, ಎಂಜಿನ್‌ಗೂ ಬಾಡಿಗೂ ಇನ್ನೊಂದು ಪಟ್ಟಿ ಹಾಕಿದ ಮೇಲೆ ಆ ತಂಟೆ ಮತ್ತೆ ಬರಲಿಲ್ಲ.

ನನ್ನನ್ನು ಅತಿ ಹೆಚ್ಚು ಕಾಡಿದ್ದು ಬಿಸಿ. ದೊಡ್ಡ ರೇಡಿಯೇಟರ್, ಎಸ್ಟೀಮ್‌ನದೇ ಫ್ಯಾನ್ ಹಾಕಿದ್ದರೂ ಹತ್ತು ನಿಮಿಷಕ್ಕೆ ಮುಳ್ಳು ಕೆಂಪಿಗೆ. ಥರ್ಮೋಸ್ಟಾಟ್ ಬದಲಿಸಿದೆ. ಕಾರಿನ ಮೂತಿ ಎತ್ತಿ ನಿಲ್ಲಿಸಿ ಕೂಲೆಂಟ್‌ನಲ್ಲಿದ್ದ ಗಾಳಿ ತೆಗೆದೆ. ಹೆಡ್ ಗ್ಯಾಸ್ಕೆಟ್ಟೇ ಹೋಗಿದೆ ಅಂದುಕೊಂಡು ಬಿಚ್ಚಲು ಸ್ಪ್ಯಾನರ್ ಕೂಡ ಜೋಡಿಸಿಟ್ಟಿದ್ದೆ. ಆ ಸಂಜೆ ಎಂಜಿನ್ ಓಡಿಸಿ ಗ್ರಿಲ್ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದೆ. ಫ್ಯಾನ್ ಶುರುವಾಯಿತು, ನನ್ನ ಪಂಚೆಯ ಅಂಚು ನನ್ನ ಕಡೆಗೇ ಹಾರಿತು. ಫ್ಯಾನ್ ಇರುವುದು ರೇಡಿಯೇಟರಿನ ಹಿಂದೆ. ಅದು ಮುಂದಿನ ಗಾಳಿಯನ್ನು ಒಳಕ್ಕೆ ಎಳೆಯಬೇಕು. ಪೇಪರಿನ ಒಂದು ಹಾಳೆ ಗ್ರಿಲ್‌ಗೆ ಹಿಡಿದೆ, ನಿಲ್ಲದೆ ಬಿದ್ದುಹೋಯಿತು. ಕನೆಕ್ಟರ್ ಹೊಂದಲಿಲ್ಲವೆಂದು ವೈರ್ ಕತ್ತರಿಸಿ ಜೋಡಿಸಿದವನು ನಾನೇ. ಪ್ಲಸ್ ಮೈನಸ್ ಅದಲುಬದಲಾಗಿ ಮೋಟಾರು ಹಿಂದುಮುಂದಾಗಿ ತಿರುಗುತ್ತಿತ್ತು. ಎರಡು ವೈರ್ ಬದಲಿಸಿ ಮತ್ತೆ ಹಾಳೆ ಹಿಡಿದರೆ ಗೋಡೆಗೆ ಮೈದಾ ಹಚ್ಚಿ ಅಂಟಿಸಿದ ಹಾಗೆ ಗ್ರಿಲ್‌ಗೆ ಕಚ್ಚಿಕೊಂಡಿತು. ಮುಳ್ಳು ಅರ್ಧಕ್ಕಿಂತ ಕೆಳಗೆ ನಿಂತಿತು. ನಾನು ಅಲ್ಲೇ ನೆಲದ ಮೇಲೆ ತುಂಬ ಹೊತ್ತು ಕೂತಿದ್ದೆ.

ಬ್ರೇಕ್ ಕೆಲಸವನ್ನು ಕೊನೆಗೆ ಇಟ್ಟುಕೊಂಡಿದ್ದು ನನ್ನ ದೊಡ್ಡ ತಪ್ಪು. ವೇಗ 60ರಿಂದ 80ಕ್ಕೆ ಏರಿದರೆ ಬ್ರೇಕು ನುಂಗಬೇಕಾದ ಶಕ್ತಿ ಮುಕ್ಕಾಲು ಪಾಲಿಗಿಂತ ಹೆಚ್ಚಾಗುತ್ತದೆ. ಜಮೀನಿನಲ್ಲಿ ನಾಲ್ಕನೇ ಸುತ್ತಿಗೆ ಪೆಡಲ್ ಮೆತ್ತಗಾಗಿ ಬದುವಿನ ತನಕ ಹೋಗಿ ನಿಂತೆ. ಹಳೇ ಬ್ರೇಕ್ ಆಯಿಲ್ ವರ್ಷಗಟ್ಟಲೆ ತೇವ ಹೀರಿಕೊಂಡಿತ್ತು, ಕಾದಾಗ ಕುದಿದು ಒಳಗೆ ಆವಿ ತುಂಬಿತ್ತು. ಡಾಟ್ 4 ಆಯಿಲ್, ಹೊಸ ಡಿಸ್ಕು, ಪ್ಯಾಡು, ಹೋಸು, ಹಿಂದಿನ ವೀಲ್ ಸಿಲಿಂಡರು, ಎಲ್ಲ ಬದಲಿಸುವ ತನಕ ಮತ್ತೆ ಕೀಲಿ ತಿರುಗಿಸಲಿಲ್ಲ. ರೋಲ್ ಕೇಜು, ಹೆಲ್ಮೆಟ್ಟು, ಬೆಲ್ಟು ಆಗಲೇ ಇದ್ದವು.

ಹೋದ ತಿಂಗಳು ಮಾವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೆಲ್ಲಗೆ ಎರಡು ಸುತ್ತು ಹಾಕಿದೆ. ಮಾವ ಕಣ್ಣು ಮುಚ್ಚಿಕೊಂಡೇ ಕೂತಿದ್ದರು. ಮೂರನೇ ಗೇರಿಗೆ ಬಂದಾಗ ಕೈ ಎತ್ತಿ "ನಿಲ್ಸೋ" ಅಂದರು.

"ಏನಾಯ್ತು ಮಾವ, ತಲೆ ಸುತ್ತುತ್ತಾ?"

"ಸುಮ್ನಿರು. ಟಿಕ್ ಟಿಕ್ ಅಂತಿದೆ. ಟ್ಯಾಪೆಟ್ಟಲ್ಲ, ಬೇರೆ ಕಡೆಯಿಂದ ಬರ್ತಿದೆ."

ನನಗೇನೂ ಕೇಳಿಸಿರಲಿಲ್ಲ. ಎಂಜಿನ್ ತಣ್ಣಗಾದ ಮೇಲೆ ನೋಡಿದರೆ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಒಂದು ಸ್ಟಡ್ ಸಡಿಲವಾಗಿ ಗ್ಯಾಸ್ಕೆಟ್ ಪಕ್ಕದಲ್ಲಿ ಕಪ್ಪು ಮಸಿ ಕೂತಿತ್ತು. ಥ್ರೆಡ್ ಹೋಗಿದೆ. ಶನಿವಾರ ಆ ತೂತಿಗೆ ಹೆಲಿಕಾಯಿಲ್, ಅಂದರೆ ಹೊಸ ಥ್ರೆಡ್ ಕೊಡುವ ತಂತಿಯ ಸುರುಳಿ, ಹಾಕಬೇಕು. ಮಾವ ಆಗಲೇ ಸ್ಟೂಲ್ ಹೊರಗೆ ಇಟ್ಟಿದ್ದಾರೆ.