ಬೀದಿ ನಾಯಿನ ಮನೆಗೆ ರೆಡಿ ಮಾಡೋದು ಅಂದ್ರೆ ಬರೀ ಇಂಜೆಕ್ಷನ್ ಅಲ್ಲ

ನಂದು ಶೆಲ್ಟರ್ ಏನಲ್ಲ. ಮೈಸೂರಲ್ಲಿ ಬಾಡಿಗೆ ಮನೆ, ಗ್ರೌಂಡ್ ಫ್ಲೋರು, ಹಿಂದೆ ಬಟ್ಟೆ ಒಗೆಯೋ ಜಾಗ, ಅದ್ರ ಪಕ್ಕ ಒಂದು ಪುಟ್ಟ ರೂಮು. ರೆಸ್ಕ್ಯೂ ಮಾಡೋ ಹುಡುಗ್ರು ಆಕ್ಸಿಡೆಂಟ್ ಆಗಿ ಚೇತರಿಸ್ಕೊಂಡಿರೋವು, ತಾಯಿ ಇಲ್ಲದ ಮರಿಗಳು, ಹೀಗೆ ತಂದು ಬಿಡ್ತಾರೆ, ಅವನ್ನ ಯಾರ್ದಾದ್ರೂ ಮನೆಗೆ ಕೊಡೋ ಹಾಗೆ ಮಾಡಿ ಕಳಿಸೋದು ನನ್ನ ಕೆಲ್ಸ. ಫೋನ್ ಮಾಡೋರೆಲ್ಲ ಮೊದ್ಲು ಕೇಳೋದು "ವ್ಯಾಕ್ಸಿನ್ ಆಗಿದ್ಯಾ ಮೇಡಂ" ಅಂತ. ಆದ್ರೆ ಕೊಟ್ಟ ನಾಯಿ ವಾಪಸ್ ಬರೋದು ವ್ಯಾಕ್ಸಿನ್ ವಿಚಾರಕ್ಕಲ್ಲ. ಒಂಟಿ ಬಿಟ್ರೆ ಕೂಗಾಡುತ್ತೆ ಮೇಲಿನ ಮನೆಯೋರು ಜಗಳಕ್ಕೆ ಬರ್ತಾರೆ, ಲಿಫ್ಟ್ ಒಳಗೆ ಕಾಲಿಡಲ್ಲ, ಹೆಲ್ಮೆಟ್ ಹಾಕಿರೋ ಡೆಲಿವರಿ ಹುಡುಗನ್ನ ಕಂಡ್ರೆ ಮೈಮೇಲೆ ಹೋಗುತ್ತೆ, ಇಂಥವಕ್ಕೇ ಬರೋದು. ಅದಕ್ಕೆ ನನ್ನ ಟೈಮೆಲ್ಲ ಇಂಥದ್ರ ಮೇಲೇ ಹೋಗುತ್ತೆ.

ಆರೋಗ್ಯದ್ದು ಬೇಗ ಹೇಳಿ ಮುಗಿಸ್ತೀನಿ. ಹೊಸದಾಗಿ ಬಂದಿದ್ದನ್ನ ಎರಡು ವಾರ ಹಿಂದಿನ ರೂಮಲ್ಲೇ ಬೇರೆ ಇಡ್ತೀನಿ, ಯಾಕಂದ್ರೆ ಪಾರ್ವೋನೋ ಡಿಸ್ಟೆಂಪರೋ (ಎರಡೂ ಮರಿಗಳ ಜೀವ ತೆಗೆಯೋ ವೈರಸ್ ಕಾಯಿಲೆ) ಒಳಗೆ ಸೇರಿದ್ರೂ ಮೊದಲ ಕೆಲವು ದಿನ ಮರಿ ಚೆನ್ನಾಗೇ ಆಡ್ಕೊಂಡಿರುತ್ತೆ. ಪಾರ್ವೋ ವೈರಸ್ಸು ನೆಲದ ಮೇಲೆ ತಿಂಗಳುಗಟ್ಟಲೆ ಉಳಿಯುತ್ತೆ, ಮಾಮೂಲಿ ಫಿನಾಯಿಲಿಗೆಲ್ಲ ಜಗ್ಗಲ್ಲ. ಮೊದ್ಲು ಗಲೀಜೆಲ್ಲ ತೊಳೆದು, ಆಮೇಲೆ ಒಂದು ಪಾಲು ಬ್ಲೀಚಿಗೆ 30 ಪಾಲು ನೀರು ಹಾಕಿ ಹತ್ತು ನಿಮಿಷ ನೆಲ ಒದ್ದೆಯಾಗೇ ಇರೋ ಹಾಗೆ ಬಿಡ್ಬೇಕು. ಮರಿಗಳಿಗೆ 6ರಿಂದ 8 ವಾರಕ್ಕೆ ಮೊದಲ ಇಂಜೆಕ್ಷನ್, ಆಮೇಲೆ ಮೂರ್ನಾಲ್ಕು ವಾರಕ್ಕೊಂದು, 16 ವಾರ ಆಗೋವರೆಗೂ, ರೇಬೀಸ್‌ದು ಮೂರು ತಿಂಗಳು ತುಂಬಿದ್ಮೇಲೆ. ಮೈಮೇಲೆ ಉಣ್ಣೆ ಹುಳ ಇದ್ದಿದ್ರೆ ರಕ್ತ ಟೆಸ್ಟ್ ಮಾಡಿಸ್ತೀನಿ. ಟಿಕ್ ಫೀವರ್, ಅಂದ್ರೆ ಉಣ್ಣೆ ಕಚ್ಚಿ ಬರೋ ಜ್ವರ ಅಂತ ಬಂದ್ರೆ ಡಾಕ್ಟ್ರು ಸಾಮಾನ್ಯವಾಗಿ 28 ದಿನದ ಮಾತ್ರೆ ಬರೀತಾರೆ, ಒಂದು ವಾರಕ್ಕೇ ನಾಯಿ ಎದ್ದು ಕುಣಿಯುತ್ತೆ ಅಂತ ಮಾತ್ರೆ ನಿಲ್ಲಿಸ್ಬೇಡಿ, ಪೂರ್ತಿ ಮುಗಿಸಿ.

ಇನ್ನು ಹೆಣ್ಣು ನಾಯಿ ವಿಷ್ಯ. ಹತ್ತು ಜನ ಕೇಳಿದ್ರೆ ಒಂಬತ್ತು ಜನಕ್ಕೆ ಗಂಡೇ ಬೇಕು, ಅದ್ರಲ್ಲೂ ಕಪ್ಪು ಹೆಣ್ಣು ಅಂದ್ರೆ ಫೋನೇ ಕಟ್. ಮರಿ ಆಗದ ಹಾಗೆ ಆಪರೇಷನ್ ಮಾಡಿಸೇ ಕೊಡ್ತೀನಿ, ಹೀಟು ರಕ್ತ ಮರಿ ಯಾವ ತಲೆನೋವೂ ಇಲ್ಲ ಅಂತ ಹೇಳಿದ್ಮೇಲೆ ಸ್ವಲ್ಪ ಜನ ಯೋಚ್ನೆ ಮಾಡ್ತಾರೆ. ಬೀದಿಲಿದ್ದಾಗ್ಲೇ ಆಪರೇಷನ್ ಆಗಿರೋದಾದ್ರೆ ಕಿವಿ ತುದಿ ಸ್ವಲ್ಪ ಕತ್ತರಿಸಿರ್ತಾರೆ, ಅದು ಗಾಯ ಅಲ್ಲ, ಗುರುತು. ಅದನ್ನ ಮೊದ್ಲೇ ಹೇಳ್ಬೇಕು, ಇಲ್ದಿದ್ರೆ ನೋಡೋಕೆ ಬಂದೋರು "ಕಿವಿ ಯಾರೋ ಕಚ್ಚಿದ್ದಾರಲ್ಲ" ಅಂತ ಮುಖ ಸಿಂಡರಿಸ್ತಾರೆ.

ಈಗ ನಿಜವಾದ ಕೆಲ್ಸಕ್ಕೆ ಬರ್ತೀನಿ. ಕಾಳಿ ಅಂತ ಒಬ್ಳಿದ್ಲು, ಕಪ್ಪು, ಹೆಣ್ಣು, ವರ್ಷ ತುಂಬಿರ್ಲಿಲ್ಲ. ಜನ ಅಂದ್ರೆ ಪ್ರಾಣ, ಆದ್ರೆ ಪೊರಕೆ ಕಂಡ್ರೆ ನಿಂತಲ್ಲೇ ಉಚ್ಚೆ ಹೊಯ್ದು ಮಂಚದ ಕೆಳಗೆ ಸೇರ್ಕೊಳ್ಳೋಳು, ಎಲ್ಲೋ ಅಂಗಡಿ ಮುಂದೆ ಪೊರಕೆಲೇ ಹೊಡೆಸ್ಕೊಂಡಿರ್ಬೇಕು. ಪೊರಕೆ ಇಲ್ಲದ ಮನೆ ಎಲ್ಲಿದೆ ಹೇಳಿ? ಹಾಗಾಗಿ ಪೊರಕೆನ ಹಾಲ್ ಮೂಲೆಲಿ ಸುಮ್ನೆ ಮಲಗಿಸಿ ಇಟ್ಟೆ, ಯಾರೂ ಮುಟ್ಟಂಗಿಲ್ಲ, ಗುಡಿಸೋಕೆ ಬೇರೆ ಪೊರಕೆ, ಅದೂ ಅವಳು ಹಿತ್ತಿಲಲ್ಲಿದ್ದಾಗ. ದೂರದಲ್ಲಿ ಬೇಯಿಸಿದ ಲಿವರ್ ಚೂರು ಹಾಕೋದು, ದಿನ ದಿನಕ್ಕೂ ಸ್ವಲ್ಪ ಹತ್ರ, ಅವಳು ಕತ್ತು ಮಾತ್ರ ಉದ್ದ ಮಾಡಿ ಹಿಂಗಾಲು ಹಿಂದೆ ಎಳ್ಕೊಂಡು ತಿಂತಿದ್ರೆ ಇನ್ನೂ ಭಯ ಇದೆ ಅಂತ, ಅಲ್ಲೇ ನಿಲ್ಲಿಸ್ಬೇಕು, ನಾಲ್ಕೂ ಕಾಲು ಊರಿ ಆರಾಮಾಗಿ ತಿಂದ್ರೆ ಮಾತ್ರ ಮುಂದಿನ ಹೆಜ್ಜೆ. ಆಮೇಲೆ ಪೊರಕೆ ಮೇಲೇ ಇಟ್ಟೆ. ಅಮ್ಮ ನೋಡಿ "ಲಕ್ಷ್ಮಿ ಕಣೇ ಅದು, ಅದ್ರ ಮೇಲೆ ಮಾಂಸ ಇಡ್ತೀಯಲ್ಲೇ" ಅಂತ ಬೈದು ಎರಡು ದಿನ ಮಾತಾಡ್ಲಿಲ್ಲ. ಆಮೇಲೆ ಪೊರಕೆ ಎತ್ತಿ ಇಡೋದು, ಆಮೇಲೆ ಒಂದೇ ಒಂದು ಸಲ ಗುಡಿಸೋದು, ಪ್ರತಿ ಸಲ ತಿಂಡಿ. ಕೊನೆಕೊನೆಗೆ ಪೊರಕೆ ಸದ್ದು ಕೇಳಿದ್ರೆ ಓಡ್ಬಂದು ಎದುರಿಗೆ ಕೂತ್ಬಿಡೋಳು, ಕಸ ಗುಡಿಸೋಕೇ ಬಿಡ್ತಿರ್ಲಿಲ್ಲ, ಅದೊಂದು ಬೇರೆ ಕಾಟ. ಕುಕ್ಕರ್ ವಿಷಲ್ಲು, ಮಿಕ್ಸಿ, ಹೆಲ್ಮೆಟ್ಟು ಎಲ್ಲಕ್ಕೂ ಇದೇ ದಾರಿ, ನಾಯಿ ತಡ್ಕೊಳ್ಳೋ ದೂರದಿಂದ ಶುರು ಮಾಡೋದು, ಎಳ್ಕೊಂಡು ಹೋಗಿ ಮುಂದೆ ನಿಲ್ಸಿ "ನೋಡು ಏನೂ ಇಲ್ಲ" ಅನ್ನೋದಲ್ಲ.

ಒಂಟಿ ಇರೋದನ್ನ ಕಲಿಸೋಕೆ ಚಪ್ಪಲಿ ಹಾಕಿ ಬೀಗದ ಕೈ ಸದ್ದು ಮಾಡಿ ಆಚೆ ಹೋಗಿ, ಅಳೋಕೆ ಮುಂಚೆನೇ ವಾಪಸ್ ಬರೋದು. ಮೊದ್ಲು ಕೆಲವು ಸೆಕೆಂಡು, ಆಮೇಲೆ ನಿಮಿಷ, ಒಂದ್ಸಲ ಜಾಸ್ತಿ ಒಂದ್ಸಲ ಕಮ್ಮಿ. ಹಳೇ ಟವೆಲ್ಲಲ್ಲಿ ಡಾಗ್ ಫುಡ್ ಕಾಳು ಸುತ್ತಿ ಕೊಟ್ಟು ಹೋದ್ರೆ ಬಿಚ್ಚಿ ಬಿಚ್ಚಿ ತಿಂತಾ ಇರುತ್ತೆ, ದುಡ್ಡು ಕೊಟ್ಟು ಆಟದ ಸಾಮಾನು ತರೋದೇನೂ ಬೇಡ. ಲಿಫ್ಟು ನಮ್ಮನೇಲಿಲ್ಲ, ಚಿಕ್ಕಮ್ಮನ ಅಪಾರ್ಟ್‌ಮೆಂಟಿಗೆ ಕರ್ಕೊಂಡ್ ಹೋಗ್ತೀನಿ, ಯಾಕಂದ್ರೆ ತಗೊಳ್ಳೋರಲ್ಲಿ ಬೆಂಗಳೂರಿನ ಅಪಾರ್ಟ್‌ಮೆಂಟ್‌ನೋರೇ ಜಾಸ್ತಿ. ಅವ್ರಲ್ಲಿ ಕೆಲವ್ರಿಗೆ ಅಸೋಸಿಯೇಷನ್‌ನೋರು ನಾಯಿ ಇಡಂಗಿಲ್ಲ ಅಂತ ಹೆದರಿಸಿರ್ತಾರೆ, ಹಂಗೆ ನಿಷೇಧ ಮಾಡೋಕೆ ಬರಲ್ಲ ಅಂತ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಸೂಚನೆ ಕೊಟ್ಟಿದೆ, ಅದನ್ನ ಹೇಳ್ತೀನಿ. ಬಾಡಿಗೆ ಮನೆಯಾದ್ರೆ ಮಾತ್ರ ಓನರ್ ಹತ್ರ ನಾನೇ ಮಾತಾಡ್ತೀನಿ.

ಬರೀ ಕತ್ತಿನ ಬೆಲ್ಟ್ ಹಾಕಿ ಹೊಸ ಮನೆಗೆ ಕಳಿಸಲ್ಲ. ಹೆದರಿದ ನಾಯಿ ಹಿಂದಕ್ಕೆ ಜಗ್ಗಿದ್ರೆ ತಲೆ ಸಲೀಸಾಗಿ ಜಾರಿ ಆಚೆ ಬರುತ್ತೆ, ಗೊತ್ತಿಲ್ಲದ ಏರಿಯಾದಲ್ಲಿ ಓಡಿದ್ರೆ ಹುಡುಕೋದು ನರಕ. ಎದೆಗೆ ಸುತ್ತಿ ಹಾಕೋ ಹಾರ್ನೆಸ್ಸೂ ಕತ್ತಿನ ಬೆಲ್ಟೂ ಎರಡಕ್ಕೂ ಹಗ್ಗ, ಮೊದಲ ಕೆಲವು ವಾರ ಕಾಂಪೌಂಡ್ ಒಳಗೂ ಹಗ್ಗ ಬಿಚ್ಚಿ ಬಿಡಂಗಿಲ್ಲ.

ಫೋಟೋ ಬಗ್ಗೆ ಒಂದು ಮಾತು. ಕಪ್ಪು ನಾಯಿನ ಮನೆಯೊಳಗೆ ಫ್ಲ್ಯಾಶ್ ಹಾಕಿ ತೆಗೆದ್ರೆ ಎರಡು ಹಸಿರು ಕಣ್ಣು ಬಿಟ್ರೆ ಏನೂ ಕಾಣಲ್ಲ. ಬೆಳಗ್ಗೆ ನೆರಳಲ್ಲಿ ಕೂರಿಸಿ, ಹಿಂದೆ ಹಳದಿ ಬೆಡ್‌ಶೀಟ್ ಕಟ್ಟಿ, ನಾವು ನೆಲಕ್ಕೆ ಕೂತು ತೆಗೀಬೇಕು. ಕೆಳಗೆ "ಫ್ರೆಂಡ್ಲಿ, ಕ್ಯೂಟ್" ಅಂತ ಬರೆಯೋದು ದಂಡ. "ಬೆಕ್ಕನ್ನ ಅಟ್ಟಿಸ್ಕೊಂಡು ಹೋಗ್ತಾಳೆ, ರಾತ್ರಿ ಪೂರ್ತಿ ನಿದ್ದೆ ಮಾಡ್ತಾಳೆ, ಚಿಕ್ಕ ಮಕ್ಳಿರೋ ಮನೆಗೆ ಬೇಡ" ಅಂತ ಬರೆದ್ರೆ ಫೋನ್ ಕಮ್ಮಿ ಬರುತ್ತೆ, ಆದ್ರೆ ಬರೋರು ಸರಿಯಾದೋರು ಬರ್ತಾರೆ. ತೋಟದ ಮನೆ ಕಾಯೋಕೆ ಕಟ್ಟಾಕ್ಬೇಕು ಅನ್ನೋರಿಗೆ ಕೊಡಲ್ಲ. ವೆಜ್ ಮನೆಯೋರಿಗೆ ಕೊಡ್ತೀನಿ, ಮೊಟ್ಟೆ, ಡಾಗ್ ಫುಡ್ ಹಾಕೋಕೆ ಒಪ್ಪಿದ್ರೆ, ಬರೀ ಮೊಸರನ್ನ ಅಂದ್ರೆ ಇಲ್ಲ.

ಕಳಿಸುವಾಗ ಅದು ಮಲಗ್ತಿದ್ದ ಬೆಡ್‌ಶೀಟು ಒಗೆಯದೇ ಹಾಗೇ ಕೊಡ್ತೀನಿ, ಒಂದು ವಾರದ ಊಟ, ಇಂಜೆಕ್ಷನ್ ಬುಕ್ಕು. ಆಗಲ್ಲ ಅನ್ಸಿದ್ರೆ ನಂಗೇ ವಾಪಸ್ ಕೊಡ್ಬೇಕು, ಬೇರೆ ಯಾರಿಗೂ ದಾಟಿಸಂಗಿಲ್ಲ ಅಂತ ಬರೆಸ್ಕೊಳ್ತೀನಿ. ದೀಪಾವಳಿ ಹತ್ರ ಇದ್ರೆ ಎಷ್ಟು ಅಂಗಲಾಚಿದ್ರೂ ಕಳಿಸಲ್ಲ, ಮಿಕ್ಕಿರೋ ಪಟಾಕಿನ ಬೀದಿ ಹುಡುಗ್ರು ತುಳಸಿ ಹಬ್ಬದವರೆಗೂ ಹೊಡೀತಿರ್ತಾರೆ, ಅದಾದ್ಮೇಲೆ ಬನ್ನಿ ಅಂತೀನಿ.